ಹೆದರಬೇಕಾದ ಕಡೆ ಗೆಳೆಯರು ನಕ್ಕರೆ

ಪ್ರಶ್ನೆ: ನಾವು ದಾವಣಗೆರೆಯ ಕಾಲೇಜೊಂದರಲ್ಲಿ ಅಂತಿಮ ವರ್ಷದಲ್ಲಿ ಓದುತ್ತಿರುವ ಐವರು ಗೆಳೆಯರು. ಅಂತರ ಕಾಲೇಜು ಸ್ಪರ್ಧೆಗಾಗಿ 12 ನಿಮಿಷದ ಭಯಾನಕ ಕಿರುಚಿತ್ರವೊಂದನ್ನು ಮಾಡುತ್ತಿದ್ದೇವೆ. ಎಲ್ಲರೂ ಸೇರಿ ಕೂಡಿಸಿದ ಹಣ 15,000 ರೂಪಾಯಿ. ನಿಧಿ ಹುಡುಕಿಕೊಂಡು ರಾತ್ರಿ ಚಿತ್ರದುರ್ಗದ ಕೋಟೆಗೆ ಹೋಗುವ ಹುಡುಗರಿಗೆ ಬಿಳಿ ಸೀರೆಯ ಹೆಣ್ಣೊಬ್ಬಳು ಎದುರಾಗುವುದು ಕಥೆ. ಪ್ರಯೋಗಕ್ಕೆಂದು ಹಾಸ್ಟೆಲ್ಲಿನ ತಾರಸಿಯ ಮೇಲೆ ಮೊಬೈಲಿನಲ್ಲಿ ಒಂದು ದೃಶ್ಯ ತೆಗೆದೆವು. ಚಿತ್ರ ಕಾಳುಕಾಳಾಗಿ ಬಂತು, ಮಾತು ಗಾಳಿಯ ಸದ್ದಿನಲ್ಲಿ ಮುಳುಗಿತು, ದೆವ್ವ ಬಂದಾಗ ನೋಡಿದವರೆಲ್ಲ ನಕ್ಕುಬಿಟ್ಟರು. ದಿನಕ್ಕೆ 3,000 ರೂಪಾಯಿ ಕೊಟ್ಟು ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತರಬೇಕೇ? ಕೋಟೆಯಲ್ಲಿ ರಾತ್ರಿ ಅನುಮತಿ ಸಿಗುತ್ತದೆಯೇ? ಕಿವಿಗೆ ಕೇಳಿಸದ 19 ಹರ್ಟ್ಸ್ ಶಬ್ದವನ್ನು ಸೇರಿಸಿದರೆ ನೋಡುವವರಿಗೆ ತಾನಾಗಿ ಭಯವಾಗುತ್ತದೆ ಎಂದು ಓದಿದ್ದೇವೆ, ಅದು ನಿಜವೇ?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಆ ನಗು ಎಂದು ನನಗೆ ಅನ್ನಿಸುತ್ತದೆ. ಕ್ಯಾಮೆರಾ ಅಗ್ಗದ್ದಾದ್ದರಿಂದ ಜನ ನಕ್ಕರು, ಕೋಟೆಯಂಥ ಜಾಗ ಸಿಕ್ಕಿದ್ದರೆ ನಗುತ್ತಿರಲಿಲ್ಲ ಎಂಬ ಅನುಮಾನ ನಿಮ್ಮ ಪತ್ರದುದ್ದಕ್ಕೂ ಇದೆ. ಹದಿನೆಂಟು ವರ್ಷಗಳಿಂದ ಕಿರುಚಿತ್ರಗಳಿಗೆ ಶಬ್ದಗ್ರಹಣ ಮತ್ತು ಸಂಕಲನ ಮಾಡುತ್ತ, ನಿಮ್ಮಂಥ ವಿದ್ಯಾರ್ಥಿಗಳ ಹತ್ತಾರು ಚಿತ್ರಗಳ ಮೇಜಿನ ಮುಂದೆ ಕುಳಿತವನಾಗಿ ಹೇಳುತ್ತೇನೆ: ಆ ನಗುವಿಗೂ ಕ್ಯಾಮೆರಾದ ಬೆಲೆಗೂ ಸಂಬಂಧವಿಲ್ಲ. ನಿಮ್ಮ 15,000 ರೂಪಾಯಿಯಲ್ಲಿ ಹೆದರಿಸುವ ಚಿತ್ರ ಮಾಡಬಹುದು. ಆದರೆ ಆ ಹಣ ಈಗ ನೀವು ಅಂದುಕೊಂಡಿರುವ ಕಡೆಗೆ ಹೋಗಬಾರದು.

ಮೊದಲು ನಗುವಿನ ವಿಷಯ. ಹಠಾತ್ತನೆ ಏನಾದರೂ ಎದುರಾದಾಗ ನಮ್ಮ ದೇಹ ಬೆಚ್ಚಿಬೀಳುತ್ತದೆ. ಅದು ಯೋಚನೆಗೂ ಮೊದಲೇ ನಡೆದುಹೋಗುವ ಪ್ರತಿವರ್ತನೆ. ಮರುಕ್ಷಣವೇ 'ಓ, ಇಷ್ಟೇನಾ' ಎಂಬ ಅರಿವು ಬರುತ್ತದೆ, ಬಿಗಿದ ಮೈ ಸಡಿಲವಾಗುತ್ತದೆ, ಆ ಸಡಿಲಿಕೆ ನಗುವಾಗಿ ಹೊರಬರುತ್ತದೆ. ಆದ್ದರಿಂದ ದೆವ್ವವನ್ನು ತಟ್ಟನೆ ತೋರಿಸಿ, ಜೊತೆಗೆ ದೊಡ್ಡ ಸದ್ದು ಮಾಡಿ, ಆಮೇಲೂ ಅದನ್ನು ಪರದೆಯ ಮೇಲೆ ನಿಲ್ಲಿಸಿಕೊಂಡರೆ ನಗು ಬರುವುದು ಸಹಜ. ಬೆಚ್ಚಿಬೀಳುವುದು ಬೇರೆ, ಭಯ ಬೇರೆ. ಭಯ ಇರುವುದು ಅದಕ್ಕೂ ಮುಂಚಿನ ಕಾಯುವಿಕೆಯಲ್ಲಿ. ಹಗ್ಗವೋ ಹಾವೋ ಎಂದು ತಿಳಿಯದೆ ನಿಂತ ಹೊತ್ತಿನಲ್ಲಿ ಎದೆ ಬಡಿದುಕೊಳ್ಳುತ್ತದೆ. ಹಾವೇ ಎಂದು ಖಚಿತವಾದ ಮೇಲೆ ಮನುಷ್ಯ ಓಡುವ ದಾರಿ ನೋಡುತ್ತಾನೆ. ನಿಮ್ಮ ತಾರಸಿಯ ದೃಶ್ಯದಲ್ಲಿ ಆ ಹೆಣ್ಣು ತಲೆಯಿಂದ ಕಾಲಿನವರೆಗೆ, ಒಂದೇ ಸಮನಾದ ಬೆಳಕಿನಲ್ಲಿ, ಕೆಲವು ಸೆಕೆಂಡಾದರೂ ಕಾಣಿಸಿರಬೇಕು. ಅಷ್ಟು ಹೊತ್ತು ಸಿಕ್ಕರೆ ನೋಡುವವರು ಅವಳ ಮೇಕಪ್ಪನ್ನು ನೋಡುತ್ತಾರೆ, ಸೀರೆಯ ನೆರಿಗೆಯನ್ನು ನೋಡುತ್ತಾರೆ, ಕೊನೆಗೆ ತಮ್ಮ ಸಹಪಾಠಿಯನ್ನು ಗುರುತಿಸುತ್ತಾರೆ.

ಬಿಳಿ ಸೀರೆ ಬೇಡ ಎನ್ನಲು ಇನ್ನೊಂದು ಕಾರಣವಿದೆ. ಮಂದ ಬೆಳಕಿನಲ್ಲಿ ಬಿಳಿ ಬಟ್ಟೆಯೇ ಚೌಕಟ್ಟಿನ ಅತ್ಯಂತ ಹೊಳೆಯುವ ವಸ್ತುವಾಗುತ್ತದೆ, ಮೊಬೈಲು ತಾನಾಗಿ ಒಳಬಿಡುವ ಬೆಳಕಿನ ಪ್ರಮಾಣವನ್ನು, ಅಂದರೆ ಎಕ್ಸ್‌ಪೋಷರ್ ಬದಲಿಸಿಕೊಳ್ಳುತ್ತದೆ, ಮುಖ ಕಪ್ಪಾಗಿ ಸೀರೆ ಮಾತ್ರ ದೀಪದಂತೆ ಉರಿಯುತ್ತದೆ. ಹತ್ತು ವರ್ಷ ಒಗೆದು ಬಣ್ಣ ಮಾಸಿದ ಇಳಕಲ್ ಸೀರೆಯೊಂದು ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಕತ್ತಲಿನಿಂದ ಪೂರ್ತಿ ಬಿಡಿಸಿಕೊಳ್ಳದ ಬಣ್ಣ ಅದು.

ಇನ್ನು ಕ್ಯಾಮೆರಾ. ಚಿತ್ರ ಕಾಳುಕಾಳಾಗಿ ಬಂದದ್ದು ಬೆಳಕು ಸಾಲದ್ದರಿಂದ. ಮೊಬೈಲಿನ ಸೆನ್ಸರ್ ಬಹಳ ಚಿಕ್ಕದು. ಬೆಳಕು ಕಡಿಮೆಯಾದಂತೆ ಅದು ಸಂಕೇತವನ್ನು ಎಳೆದು ಹಿಗ್ಗಿಸುತ್ತದೆ, ಹಿಗ್ಗಿಸಿದಂತೆಲ್ಲ ಕಾಳು ಏಳುತ್ತದೆ. ರಾತ್ರಿಯ ಚಿತ್ರಕ್ಕೆ ಕತ್ತಲಿರುವ ಜಾಗ ಬೇಕು ಎಂಬುದು ಬಹಳ ಜನರ ನಂಬಿಕೆ. ಪರದೆಯ ಮೇಲಿನ ಕತ್ತಲು ಬೆಳಕಿನ ಪಕ್ಕದಲ್ಲಿ ಮಾತ್ರ ಕತ್ತಲಾಗಿ ಕಾಣುತ್ತದೆ. ಕೆನ್ನೆಯ ಒಂದು ಅಂಚಿಗಾದರೂ ಸಾಕಷ್ಟು ಬೆಳಕು ಬಿದ್ದಾಗಲೇ ಉಳಿದರ್ಧ ಮುಖದ ಕಪ್ಪು ಹೆದರಿಸುತ್ತದೆ. ಸಾಮಾನ್ಯ ಎಲ್‌ಇಡಿ ಬಲ್ಬೊಂದನ್ನು ಕಾಗದದ ಆಕಾಶಬುಟ್ಟಿಯೊಳಗೆ ಇಳಿಬಿಟ್ಟು ನಟನ ಹತ್ತಿರ, ಚೌಕಟ್ಟಿನ ಆಚೆ ಹಿಡಿಯಿರಿ. ಆರು ಅಡಿಯಲ್ಲಿದ್ದ ಚಿಕ್ಕ ದೀಪವನ್ನು ಮೂರು ಅಡಿಗೆ ತಂದರೆ ನಟನ ಮೇಲೆ ಬೀಳುವ ಬೆಳಕು ಎರಡಲ್ಲ, ಸುಮಾರು ನಾಲ್ಕು ಪಟ್ಟಾಗುತ್ತದೆ; ಹಿಂದಿನ ಗೋಡೆ ಮಾತ್ರ ಅಷ್ಟೇ ಕಪ್ಪಾಗಿ ಉಳಿಯುತ್ತದೆ. ಒಂದು ಕಡೆಗೆ ಥರ್ಮಾಕೋಲ್ ಹಲಗೆ, ಇನ್ನೊಂದು ಕಡೆಗೆ ಕಪ್ಪು ಕಂಬಳಿ ಹಿಡಿದರೆ ನಿಮ್ಮ ದೀಪವಿನ್ಯಾಸ ಮುಗಿಯಿತು.

ಮೊಬೈಲಿನ ನೈಟ್ ಮೋಡ್ ಸ್ಥಿರಚಿತ್ರಕ್ಕಾಗಿ ಹಲವು ಚೌಕಟ್ಟುಗಳನ್ನು ಸೇರಿಸಿ ಒಂದು ಮಾಡುವ ವಿಧಾನ. ಅದರ ಫಲಿತಾಂಶ ನೋಡಿ ವಿಡಿಯೊ ಕೂಡ ಹಾಗೆಯೇ ಬರುತ್ತದೆಂದು ನಂಬಬೇಡಿ. ಓಪನ್ ಕ್ಯಾಮೆರಾದಂಥ ಉಚಿತ ಆ್ಯಪ್ ಹಾಕಿಕೊಂಡು, ನಿಮ್ಮ ಮೊಬೈಲು ಬಿಡುವಷ್ಟರ ಮಟ್ಟಿಗೆ ಎಕ್ಸ್‌ಪೋಷರ್, ಫೋಕಸ್, ಬಣ್ಣದ ಸಮತೋಲ ಮೂರನ್ನೂ ಬೀಗ ಹಾಕಿದಂತೆ ಸ್ಥಿರಗೊಳಿಸಿ. ಸೆಕೆಂಡಿಗೆ 25 ಚೌಕಟ್ಟು, ಶಟರ್ (ಪ್ರತಿ ಚೌಕಟ್ಟಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 1/50 ಇರಲಿ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 50 ಹರ್ಟ್ಸ್. ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ. ಈ ದೋಷವನ್ನು ಸಂಕಲನದಲ್ಲಿ ತೆಗೆಯುವುದು ಬಲು ಕಷ್ಟ. ಬಾಡಿಗೆಯ ಕ್ಯಾಮೆರಾ ಖಂಡಿತ ಹೆಚ್ಚು ಬೆಳಕನ್ನು ಹಿಡಿಯುತ್ತದೆ, ಆದರೆ ಮೂರು ದಿನಕ್ಕೆ 9,000 ರೂಪಾಯಿ ಹೋಗುತ್ತದೆ, ಅದರ ಗುಂಡಿಗಳನ್ನು ಕಲಿಯುವಷ್ಟರಲ್ಲಿ ಮೊದಲ ರಾತ್ರಿ ಕಳೆದಿರುತ್ತದೆ, ಬಿದ್ದು ಲೆನ್ಸಿಗೆ ಏಟಾದರೆ ನಿಮ್ಮ ಇಡೀ ಹಣ ಅಲ್ಲಿಗೇ ಮುಗಿಯುತ್ತದೆ. ಐವರಲ್ಲಿ ಒಬ್ಬರಿಗಾದರೂ ಅದು ಮೊದಲೇ ಕೈಗೆ ಪಳಗಿದ್ದರೆ ಮಾತ್ರ ತನ್ನಿ.

ಕೋಟೆಯ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ನೋವೂ ಆಗುತ್ತದೆ, ಏಕೆಂದರೆ ಆ ಏಳು ಸುತ್ತಿನ ಕಲ್ಲುಗಳನ್ನು ನೋಡುತ್ತಲೇ ನಾನು ಬೆಳೆದವನು. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. ಪ್ರವಾಸಿಯಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯುವುದು ಬೇರೆ. ನಟರು, ದೀಪ, ಸ್ಟ್ಯಾಂಡು ಇಟ್ಟುಕೊಂಡು ಕಥಾಚಿತ್ರ ಮಾಡಲು ಇಲಾಖೆಗೆ ಮುಂಚಿತವಾಗಿ ಅರ್ಜಿ ಹಾಕಿ, ಶುಲ್ಕ ತುಂಬಿ, ಪರವಾನಗಿ ಪಡೆಯಬೇಕು. ಸಂಜೆ ಬಾಗಿಲು ಮುಚ್ಚುವ ಜಾಗವದು. ವಿದ್ಯಾರ್ಥಿಗಳಿಗೆ ರಾತ್ರಿ ತೆರೆದುಕೊಡುತ್ತಾರೆಂಬ ಆಸೆಯ ಮೇಲೆ ಚಿತ್ರಕಥೆ ಬರೆಯಬೇಡಿ. ಕದ್ದು ಒಳಗೆ ನುಸುಳುವ ಯೋಚನೆ ಇದ್ದರೆ ಈಗಲೇ ಬಿಡಿ. ಕಾನೂನಿನ ತೊಡಕು ಒಂದು ಕಡೆಯಾದರೆ, ನಿಮ್ಮ ಕಥೆಯೇ ನಿಮ್ಮನ್ನು ಸಿಕ್ಕಿಸಬಲ್ಲದು: ನಿಧಿಯಾಸೆಗೆ ಹಳೆಯ ಗುಡಿಗಳನ್ನು ಅಗೆಯುವ ಪ್ರಕರಣಗಳು ನಮ್ಮ ಸೀಮೆಗೆ ಹೊಸತಲ್ಲ. ಅಪರಾತ್ರಿಯಲ್ಲಿ ಹಾರೆ, ಗುದ್ದಲಿ, ಟಾರ್ಚು ಹಿಡಿದ ಐವರು ಹುಡುಗರನ್ನು ಕಂಡ ಊರಿನವರು ಇವರು ಸಿನಿಮಾದವರೆಂದು ಊಹಿಸುವುದಿಲ್ಲ.

ಕೋಟೆಯ ಹೊರಗಿನ ಬಂಡೆಗುಡ್ಡಗಳಲ್ಲಿ ತೆಗೆಯೋಣವೆಂದು ಕೆಲವರು ಹೊರಡುತ್ತಾರೆ. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿನ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕಿಂತ ಮುಖ್ಯವಾಗಿ, ಈ ಬಂಡೆಗಳ ಸಂದುಗಳಲ್ಲಿ ಕರಡಿ ಮತ್ತು ಚಿರತೆಗಳಿವೆ. ಕತ್ತಲಾದ ಮೇಲೆ ಅವು ಓಡಾಡುವ ಹೊತ್ತು. ಬಂಡೆಯ ಹಿನ್ನೆಲೆ ಬೇಕೇ ಬೇಕೆಂದರೆ ಪರಿಚಯದವರ ಹೊಲವೊಂದರಲ್ಲಿ, ಮಾಲೀಕರ ಒಪ್ಪಿಗೆಯೊಂದಿಗೆ, ಸೂರ್ಯ ಮುಳುಗಿದ ಕೂಡಲೇ ತೆಗೆಯಿರಿ. ನಮ್ಮ ಕಡೆ ಮುಳುಗಿದ ನಂತರದ ನೀಲಿ ಬೆಳಕು ಸುಮಾರು 20 ನಿಮಿಷ ಮಾತ್ರ ಉಳಿಯುತ್ತದೆ. ಬಣ್ಣದ ಸಮತೋಲವನ್ನು ಬಲ್ಬಿನ ಬೆಳಕಿನ ಮಟ್ಟಕ್ಕೆ, ಅಂದರೆ 3200 ಕೆಲ್ವಿನ್ನಿಗೆ ಇಟ್ಟು, ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟರೆ ಆ 20 ನಿಮಿಷ ನಡುರಾತ್ರಿಯಂತೆ ಕಾಣುತ್ತದೆ. ಅಷ್ಟರಲ್ಲಿ ಮೂರೋ ನಾಲ್ಕೋ ಶಾಟ್ ಆದೀತು. ಮಧ್ಯಾಹ್ನವೇ ಅಭ್ಯಾಸ ಮಾಡಿ ನಿಲ್ಲುವ ಜಾಗಗಳಿಗೆ ಗುರುತು ಹಾಕಿಟ್ಟಿರಬೇಕು.

ನಾನು ನಿಮ್ಮ ಜಾಗದಲ್ಲಿದ್ದರೆ ದಾವಣಗೆರೆ ಬಿಟ್ಟು ಹೊರಗೇ ಹೋಗುತ್ತಿರಲಿಲ್ಲ. ನಿಮ್ಮೂರಿನ ಮಂಡಕ್ಕಿ ಭಟ್ಟಿಗಳ ಒಳಗೆ ಒಮ್ಮೆ ಕಾಲಿಟ್ಟು ನೋಡಿ. ವರ್ಷಗಟ್ಟಲೆ ಹೊಗೆ ಕುಡಿದ ಗೋಡೆ ಕಾಡಿಗೆಯಂತೆ ಕಪ್ಪಾಗಿರುತ್ತದೆ. ಬಿಳಿ ಸುಣ್ಣದ ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ನೆರಳನ್ನೆಲ್ಲ ಕೊಂದುಬಿಡುತ್ತದೆ, ಇಲ್ಲಿ ಮಸಿ ಅದನ್ನು ನುಂಗುತ್ತದೆ. ಒಂದೇ ಬಲ್ಬಿನಲ್ಲಿ ನೀವು ಎಲ್ಲಿ ಬೇಕೆಂದರೆ ಅಲ್ಲಿ ಮಾತ್ರ ಬೆಳಕು ನಿಲ್ಲುತ್ತದೆ. ನೆಲದ ಮೇಲೆ ಚೆಲ್ಲಿದ ಮಂಡಕ್ಕಿಯ ಮೇಲೆ ಕಾಲಿಟ್ಟಾಗ ಬರುವ ಸದ್ದು ಇನ್ಯಾವ ಊರಿನ ಚಿತ್ರಕ್ಕೂ ಸಿಗುವುದಿಲ್ಲ. ರಾತ್ರಿ ಕಾವಲಿಗೆ ಒಬ್ಬನೇ ಮಲಗಿದ ಹುಡುಗ, ಆಚೆ ಕತ್ತಲಲ್ಲಿ ಮಂಡಕ್ಕಿಯ ಮೇಲೆ ಯಾರೋ ಒಂದೊಂದೇ ಹೆಜ್ಜೆ ಇಡುತ್ತ ಬಂದು ನಿಂತ ಸದ್ದು, ಬೆಳಕು ಹಾಯಿಸಿದರೆ ಯಾರೂ ಇಲ್ಲ. ಕಥೆ ನಿಮ್ಮದೇ, ಇದನ್ನು ಹೇರುತ್ತಿಲ್ಲ. ಆದರೆ ಇಂಥ ಒಂದು ಕೋಣೆ ಪೂರ್ತಿ ನಿಮ್ಮ ಹತೋಟಿಯಲ್ಲಿರುತ್ತದೆ, ಕೋಟೆ ಇರುವುದಿಲ್ಲ. ಕೆಲಸ ನಿಂತಿರುವ ಭಟ್ಟಿಯನ್ನೇ ಆರಿಸಿ, ಮಾಲೀಕರಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಹೊಟ್ಟು ಮತ್ತು ಹಳೆಯ ವೈರಿಂಗ್ ಇರುವ ಕಡೆ ಬೆಂಕಿಯ ಯಾವ ದೃಶ್ಯವನ್ನೂ ಇಟ್ಟುಕೊಳ್ಳಬೇಡಿ.

ಈಗ ಶಬ್ದ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ನಮ್ಮ ಕಡೆ ದೆವ್ವಕ್ಕೆ ಗಾಳಿ ಎಂದೇ ಹೆಸರಿದೆ. 'ಗಾಳಿ ಸೋಕಿದೆ' ಎನ್ನುತ್ತಾರೆಯೇ ಹೊರತು ಕಂಡಿದೆ ಎನ್ನುವುದಿಲ್ಲ. 1990ರ ದಶಕದಲ್ಲಿ ಊರೂರ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದನ್ನು ನಿಮ್ಮ ತಂದೆತಾಯಿಯರನ್ನು ಕೇಳಿದರೆ ಹೇಳುತ್ತಾರೆ. ರಾತ್ರಿ ಮನೆಯವರದೇ ದನಿಯಲ್ಲಿ ಯಾರೋ ಬಾಗಿಲಾಚೆಯಿಂದ ಕರೆಯುತ್ತಾರೆ, ಓಗೊಟ್ಟರೆ ಸಾವು ಎಂಬ ಸುದ್ದಿ ಅದು. ಇಡೀ ನಾಡನ್ನು ಹೆದರಿಸಿದ ಆ ಕಥೆಯಲ್ಲಿ ಮುಖವಿರಲಿಲ್ಲ, ವೇಷವಿರಲಿಲ್ಲ. ಇದ್ದದ್ದು ಪರಿಚಯದ ಒಂದು ದನಿ ಮತ್ತು ಮುಚ್ಚಿದ ಒಂದು ಬಾಗಿಲು. ನಿಮ್ಮ ಬಳಿ ಇರುವ ಹಣಕ್ಕೆ ಸರಿಹೊಂದುವ ಭಯ ಅದೇ ಜಾತಿಯದು.

19 ಹರ್ಟ್ಸ್‌ನ ಮಾತು ಬಂದದ್ದು ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಇನ್ನೊಬ್ಬರೊಡನೆ 1998ರಲ್ಲಿ ಪ್ರಕಟಿಸಿದ ಬರಹದಿಂದ. ಪ್ರಯೋಗಾಲಯದಲ್ಲಿ ಅವರಿಗೆ ಮಂಕು ಕವಿದಂತಾಗಿ, ಕಣ್ಣಂಚಿನಲ್ಲಿ ಬೂದು ಆಕೃತಿಯೊಂದು ಕಂಡಿತ್ತು. ಮರುದಿನ ಬಿಗಿದಿಟ್ಟಿದ್ದ ಕತ್ತಿವರಸೆಯ ಕತ್ತಿಯೊಂದು ತಾನಾಗಿ ಅದುರುವುದನ್ನು ನೋಡಿ ಹುಡುಕಿದಾಗ, ಹೊಸದಾಗಿ ಹಾಕಿದ್ದ ಫ್ಯಾನಿನಿಂದ ಸುಮಾರು 19 ಹರ್ಟ್ಸ್‌ನ ಅಲೆ ಕೋಣೆಯಲ್ಲಿ ನಿಂತಿರುವುದು ತಿಳಿಯಿತು. ಕುತೂಹಲದ ಸಂಗತಿ, ನಿಜ. ಆದರೆ ಅಂಥ ಶಬ್ದ ಕೇಳಿದವರೆಲ್ಲ ಹೆದರುತ್ತಾರೆಂದು ಅದರಿಂದ ಸಿದ್ಧವಾಗುವುದಿಲ್ಲ. ನಿಮಗಂತೂ ಪ್ರಶ್ನೆಯೇ ಏಳದು, ಏಕೆಂದರೆ ಬಹುತೇಕ ಮೊಬೈಲುಗಳ ಪುಟ್ಟ ಸ್ಪೀಕರುಗಳಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನ ಸದ್ದೇ ಸರಿಯಾಗಿ ಹೊರಡುವುದಿಲ್ಲ, ಕಾಲೇಜಿನ ಸಭಾಂಗಣದ ಸ್ಪೀಕರುಗಳು 19ಕ್ಕೆ ಇಳಿಯುವುದಿಲ್ಲ. ಕೆಳದನಿಯ ಗುಂಯ್‌ಗುಡುವಿಕೆಯನ್ನು ನಂಬಿ ಕಟ್ಟಿದ ದೃಶ್ಯ ಮೊಬೈಲಿನಲ್ಲಿ ಮೂಕಿಚಿತ್ರವಾಗುತ್ತದೆ. ಮಧ್ಯಮ ಶ್ರೇಣಿಯ ಸದ್ದುಗಳನ್ನು ಬಳಸಿ: ಅಗುಳಿ ಜಾರುವುದು, ಮರದ ಬಾಗಿಲ ಕಿರುಗು, ಮಣ್ಣಿನ ಗಡಿಗೆಗೆ ಹುಣಸೆಬೀಜ ಉಜ್ಜುವುದು, ಮೆಕ್ಕೆಜೋಳದ ಒಣ ರವದಿಯ ಮೇಲಿನ ನಡಿಗೆ, ಮೂಳೆ ಮುರಿಯುವ ಸದ್ದಿಗೆ ಹಸಿ ಕಬ್ಬು. ಎಲ್ಲಕ್ಕಿಂತ ಪರಿಣಾಮಕಾರಿಯಾದದ್ದು ಕೀಟಗಳ ಚಿರ್‌ಗುಟ್ಟುವಿಕೆ ಒಮ್ಮೆಲೇ ನಿಂತುಹೋಗುವುದು. ನಮ್ಮವರು ಹೊಲದಲ್ಲಿ ಮಲಗಿ ಬೆಳೆದವರು. ಜೀರುಂಡೆ ಸುಮ್ಮನಾದರೆ ಏನೋ ಬಂದಿದೆ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಮಾತು ಗಾಳಿಯಲ್ಲಿ ಮುಳುಗಿದ್ದರ ಕಾರಣ ಸರಳ. ಗಾಳಿಗಿರಣಿಗಳನ್ನು ಸಾಲುಸಾಲಾಗಿ ನೆಟ್ಟಿರುವ ಸೀಮೆ ನಮ್ಮದು, ಆಷಾಢದ ಗಾಳಿಯಂತೂ ಮೈಕನ್ನು ಬಡಿದುಹಾಕುತ್ತದೆ. ನನ್ನ ಮೊದಲ ವರ್ಷಗಳಲ್ಲಿ ಒಂದು ತಂಡದೊಂದಿಗೆ ಗುಡ್ಡದ ಮೇಲೆ ಎರಡು ರಾತ್ರಿ ದುಡಿದು, ಮನೆಗೆ ಬಂದು ಕೇಳಿದರೆ ಒಂದೇ ಒಂದು ಸಾಲೂ ಉಳಿದಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಸ್ಥಳದಲ್ಲೇ ಕೇಳಿಸಿಕೊಂಡಿದ್ದರೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತಿತ್ತು. ಆ ತಪ್ಪು ನನ್ನದು. ಸಾವಿರ ರೂಪಾಯಿ ಆಸುಪಾಸಿನ ಕಾಲರ್ ಮೈಕುಗಳು ಎರಡು ಕೊಳ್ಳಿ, ಅವಕ್ಕೆ ಕೃತಕ ತುಪ್ಪಳದ ಹೊದಿಕೆ ಹಾಕಿ, ಇನ್ನೊಂದು ಮೊಬೈಲಿನಲ್ಲಿ ಪ್ರತ್ಯೇಕವಾಗಿ ದಾಖಲಿಸಿ, ಪ್ರತಿ ಶಾಟಿನ ಮೊದಲು ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ. ಆ ಚಪ್ಪಾಳೆಯಿಂದಲೇ ಚಿತ್ರ ಮತ್ತು ಶಬ್ದವನ್ನು ಆಮೇಲೆ ಹೊಂದಿಸುತ್ತೀರಿ. ಪ್ರತಿ ಜಾಗದಲ್ಲೂ ಎಲ್ಲರೂ ಉಸಿರು ಬಿಗಿಹಿಡಿದಂತೆ ನಿಂತು ಒಂದು ನಿಮಿಷದ ಖಾಲಿ ಶಬ್ದವನ್ನೂ ತೆಗೆದುಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ತೂತುಗಳನ್ನು ಮುಚ್ಚುವುದು ಅದೇ. ಪಾತ್ರಗಳ ಮಾತು ದಾವಣಗೆರೆಯ ಮಾತೇ ಆಗಿರಲಿ. 'ಅಲ್ಲಿಗೆ ಹೋಗಬೇಡ ಗೆಳೆಯಾ' ಎಂದು ಹಾಸ್ಟೆಲ್ಲಿನಲ್ಲಿ ಯಾರೂ ಅನ್ನುವುದಿಲ್ಲ, 'ಹೋಗ್‌ಬ್ಯಾಡಲೇ' ಎನ್ನುತ್ತಾರೆ. ನಿಮ್ಮ ದೃಶ್ಯದಲ್ಲಿ ನಗು ಹುಟ್ಟಲು ಗ್ರಾಂಥಿಕ ಸಂಭಾಷಣೆಯೂ ಒಂದು ಕಾರಣವಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ಸಂಗೀತದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: 10 ಸೆಕೆಂಡಿನೊಳಗಿನ ತುಣುಕಾದರೆ ಯಾರದೇ ಹಾಡನ್ನು ಬಳಸಬಹುದು ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸೆಕೆಂಡುಗಳ ಅಂಥ ಯಾವ ರಿಯಾಯಿತಿಯೂ ಇಲ್ಲ. ನೀವೇ ದಾಖಲಿಸಿದ ಸದ್ದುಗಳು ಸಾಕಾಗದಿದ್ದರೆ ಬಳಕೆಗೆ ಮುಕ್ತವಾಗಿ ಬಿಟ್ಟಿರುವ ಸಂಗ್ರಹಗಳಿಂದ, ಷರತ್ತನ್ನು ಓದಿ, ಹೆಸರು ಹಾಕಿ ತೆಗೆದುಕೊಳ್ಳಿ. ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳವಾಗಿ ಸಾಲುತ್ತದೆ.

ರಕ್ತ ಮತ್ತು ಹೊಗೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಖರ್ಚಿಲ್ಲದ ರಕ್ತವೆಂದು ಹುಡುಗರು ಅರಿಸಿನಕ್ಕೆ ಸುಣ್ಣ ಕಲಸಿ ಓಕುಳಿ ಮಾಡುತ್ತಾರೆ. ಬಣ್ಣ ಚೆನ್ನಾಗಿಯೇ ಬರುತ್ತದೆ. ಆದರೆ ಸುಣ್ಣ ತೀಕ್ಷ್ಣ ಕ್ಷಾರ. ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಡುತ್ತದೆ, ದೃಷ್ಟಿಯೇ ಹೋಗಬಹುದು. ಹಣೆಯಿಂದ ಇಳಿದ ಓಕುಳಿ ಕಣ್ಣಿಗೆ ಜಾರಿದ ಹುಡುಗನೊಬ್ಬನನ್ನು ಹಿಡಿದುಕೊಂಡು ಅರ್ಧ ಗಂಟೆ ನೀರು ಹಾಯಿಸಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ದ ರಾತ್ರಿಯನ್ನು ನಾನು ಮರೆತಿಲ್ಲ. ಅವನ ಕಣ್ಣು ಉಳಿಯಿತು. ಸಕ್ಕರೆಯ ದಪ್ಪ ಪಾಕಕ್ಕೆ ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕಾಫಿ ಪುಡಿ ಸೇರಿಸಿ. ಕಾಫಿ ಹಾಕದಿದ್ದರೆ ಎಲ್‌ಇಡಿ ಬೆಳಕಿನಲ್ಲಿ ಅದು ಶರಬತ್ತಿನಂತೆ ಕಾಣುತ್ತದೆ. ಅದನ್ನೂ ಕಣ್ಣಿನಿಂದ ದೂರವೇ ಹಚ್ಚಿ. ಬಿಳಿ ಕಣ್ಣಿಗಾಗಿ ಒಂದೇ ಜೊತೆ ಲೆನ್ಸನ್ನು ಇಬ್ಬರು ಮೂವರು ಹಂಚಿಕೊಳ್ಳುವುದು ಸೋಂಕಿಗೆ ನೇರ ದಾರಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಮೇಲೆ ಲೋಬಾನ ಹಾಕಿ ಗಂಟೆಗಟ್ಟಲೆ ಹೊಗೆ ತುಂಬಿಸಬೇಡಿ; ಕೆಂಡದಿಂದ ಬರುವ ವಿಷಾನಿಲಕ್ಕೆ ವಾಸನೆಯಿಲ್ಲ. ಮಂಜು ಬೇಕಿದ್ದರೆ ಚಳಿಗಾಲದ ಮುಂಜಾನೆ ಚನ್ನಗಿರಿ ಕಡೆಯ ಅಡಿಕೆ ತೋಟಕ್ಕೆ ಹೋಗಿ.

ದಾರಿಹೋಕರನ್ನು ಹೆದರಿಸಿ ಅವರ ನಿಜವಾದ ಪ್ರತಿಕ್ರಿಯೆಯನ್ನು ತೆಗೆಯುವ ಆಸೆ ತಂಡದಲ್ಲಿ ಯಾರಿಗಾದರೂ ಹುಟ್ಟಿದರೆ ತಡೆಯಿರಿ. 2019ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ದೆವ್ವದ ವೇಷ ಹಾಕಿ ರಸ್ತೆಯಲ್ಲಿ ಜನರನ್ನು ಹೆದರಿಸಿದ ಏಳು ಯುವಕರನ್ನು ಪೊಲೀಸರು ಬಂಧಿಸಿದ್ದರು. ವೃದ್ಧರೊಬ್ಬರ ಎದೆ ಅದನ್ನು ತಡೆದುಕೊಳ್ಳದಿದ್ದರೆ ಯಾವ ವಿವರಣೆಯೂ ಕೆಲಸಕ್ಕೆ ಬರುವುದಿಲ್ಲ. ಕಾಲೇಜಿನ ಪತ್ರವೊಂದನ್ನು ಸ್ಥಳೀಯ ಪೊಲೀಸ್ ಠಾಣೆಗೆ ಮುಂಚಿತವಾಗಿ ಕೊಟ್ಟಿಡಿ, ಅಕ್ಕಪಕ್ಕದ ಮನೆಗಳಿಗೂ ಹೇಳಿಡಿ.

ಹಣವನ್ನು ನಾನಾದರೆ ಹೀಗೆ ಹಂಚುತ್ತೇನೆ: ಮೈಕು, ಹೊದಿಕೆ, ಒಳ್ಳೆಯ ಹೆಡ್‌ಫೋನಿಗೆ 5,000, ಊಟ ಮತ್ತು ಓಡಾಟಕ್ಕೆ 4,500, ದೀಪ, ವೈರು, ಬಟ್ಟೆಗೆ 2,000, ಉಡುಪು ಮತ್ತು ಸಾಮಾನಿಗೆ 1,500, ಉಳಿದ 2,000 ಮುಟ್ಟದೆ ಇಡುವುದು. ಊಟಕ್ಕೆ ಇಷ್ಟೇಕೆ ಎಂದು ಕೇಳಬೇಡಿ, ರಾತ್ರಿ ಎರಡು ಗಂಟೆಗೆ ಹಸಿದ ತಂಡ ಜಗಳವಾಡುತ್ತದೆ. ಓಡಾಟದ ಬಾಬ್ತಿನಲ್ಲಿ ಬೈಕಿನ ಬದಲು ಗಾಡಿಯೊಂದನ್ನು ಗೊತ್ತು ಮಾಡಿಕೊಳ್ಳಿ. ವಿದ್ಯಾರ್ಥಿಗಳ ರಾತ್ರಿ ಚಿತ್ರೀಕರಣದಲ್ಲಿ ನನ್ನನ್ನು ನಿಜವಾಗಿ ಹೆದರಿಸುವ ಸಂಗತಿ ಒಂದೇ: ನಿದ್ದೆಗೆಟ್ಟ ಹುಡುಗರು ನಸುಕಿನಲ್ಲಿ ಹೆದ್ದಾರಿಯ ಲಾರಿಗಳ ನಡುವೆ ಬೈಕಿನಲ್ಲಿ ಮರಳುವುದು. ಕೆಲಸ ಮುಗಿದ ಕಡೆಯೇ ಮಲಗಿ, ಬೆಳಗಾದ ಮೇಲೆ ಹೊರಡಿ.

12 ನಿಮಿಷವನ್ನು 6ಕ್ಕೆ ಇಳಿಸಿ. ಹೊಸ ತಂಡ ಒಂದು ರಾತ್ರಿಗೆ 15 ಶಾಟ್ ತೆಗೆದರೆ ಹೆಚ್ಚು. ಮೂರು ರಾತ್ರಿಯಲ್ಲಿ 45 ಶಾಟ್ ಎಂದು ಲೆಕ್ಕ ಹಾಕಿ ಚಿತ್ರಕಥೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸಿ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಗಾಳಿ ತಗ್ಗುತ್ತದೆ, ರಾತ್ರಿಯೂ ಉದ್ದವಾಗುತ್ತದೆ. ಸ್ಪರ್ಧೆಯ ದಿನಾಂಕ ಒಪ್ಪುವುದಾದರೆ ಅಲ್ಲಿಯವರೆಗೆ ಕಾಯಿರಿ. ಮೊದಲ ಸಂಕಲನ ಮುಗಿದಾಗ ಅದನ್ನು ಯಾರಿಗೂ ತೋರಿಸದೆ, ಪರದೆಯ ಮೇಲೆ ಬಟ್ಟೆ ಹೊದಿಸಿ, ಕತೆ ಗೊತ್ತಿಲ್ಲದ ಇಬ್ಬರಿಗೆ ಬರೀ ಕೇಳಿಸಿ. ಅವರು ಯಾವ ಸೆಕೆಂಡಿನಲ್ಲಿ ಮಾತು ನಿಲ್ಲಿಸಿ ಕಿವಿ ನಿಮಿರಿಸುತ್ತಾರೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ, ಆ ಹೆಣ್ಣನ್ನು ಅದಕ್ಕಿಂತ ಮೊದಲು ಎಲ್ಲಿಯೂ ತೋರಿಸಬೇಡಿ.